ಗಿರಾಕಿ ಯಾರ ಪುಸ್ತಕದಲ್ಲಿದ್ದಾರೆ?

ಧಾರವಾಡದ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ಮಾರುತ್ತಾರೆ. ದೊಡ್ಡ ಟೆಕ್ ಕಂಪನಿಗಳು ಸಣ್ಣ ವ್ಯಾಪಾರಿಗಳನ್ನು ಹಿಡಿತಕ್ಕೆ ತೆಗೆದುಕೊಂಡಿವೆ ಎಂದು ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ಅವರಿಗೆ ಸರಿ ಬಂದಿಲ್ಲ. "ಈ ಫೋನ್ ಇಲ್ಲದಿದ್ರ ಪುಣೆದವ್ರಿಗೆ ನನ್ನ ರೊಟ್ಟಿ ಹ್ಯಾಂಗ ಗೊತ್ತಾಗ್ತಿತ್ತು?" ಎಂದು ಕೇಳಿದ್ದಾರೆ. ವಾಟ್ಸಾಪ್‌ನಲ್ಲಿ ಶುರುವಾದ ವ್ಯಾಪಾರ ಈಗ ಶಾಪಿಂಗ್ ಆ್ಯಪ್‌ಗೂ ಹೋಗಿದೆ. ಮೂರು ಜನ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾರೆ. "ಪುಣೆದ ಒಬ್ಬರ ಹೆಸರಿನ ಲೇಬಲ್ ಎಂಟು ಸಲ ಅಂಟಿಸೀನಿ, ಒಮ್ಮೆನೂ ಅವರ ಜೋಡಿ ಮಾತಾಡಿಲ್ಲ, ನೋಡ್ರಿ ಎಷ್ಟು ಸರಳ" ಎಂದೂ ಬರೆದಿದ್ದಾರೆ.

ಅಕ್ಕಾ, ನಿಮ್ಮ ಮೊದಲ ಮಾತು ಒಪ್ಪಿದೆ. ಫೋನ್ ನಿಮಗೆ ದಾರಿ ಮಾಡಿಕೊಟ್ಟಿದೆ. ಮೂರು ಮನೆಯ ಒಲೆ ಉರಿಯುತ್ತಿದೆ. ಅದು ಸಣ್ಣ ಮಾತಲ್ಲ.

ಆದರೆ ಆ ಎಂಟು ಸಲದ ಮಾತು ನನ್ನನ್ನು ಬಿಡುತ್ತಿಲ್ಲ. ಎಂಟು ಸಲ ನಿಮ್ಮ ರೊಟ್ಟಿ ತಿಂದವರು ನಿಮಗೆ ಅಪರಿಚಿತರು! ನಿಮ್ಮ ಓಣಿಯಲ್ಲೇ ಆಗಿದ್ದರೆ ಮೂರನೇ ಸಲಕ್ಕೆ ಎಲ್ಲಾ ಗೊತ್ತಾಗುತ್ತಿತ್ತು. ಅವರ ಅತ್ತೆಗೆ ಹಲ್ಲಿಲ್ಲ, ತೆಳ್ಳಗೆ ಬಡಿಯಬೇಕು. ಮಗನಿಗೆ ಖಾರ ಆಗಲ್ಲ. ಶ್ರಾವಣ ಬಂದರೆ ಜಾಸ್ತಿ ಬೇಕು. ವ್ಯಾಪಾರ ಅಂದರೆ ಇದೇ ಅಲ್ವಾ? ಈಗ ಇದೆಲ್ಲ ಗೊತ್ತಿರುವುದು ಆ್ಯಪ್‌ಗೆ. ಅವರು ಯಾವ ವಾರ ತರಿಸುತ್ತಾರೆ, ಎಷ್ಟು ಬೆಲೆಗೆ ಹಿಂದೆ ಸರಿಯುತ್ತಾರೆ ಅನ್ನುವುದೂ ಅದಕ್ಕೆ ಗೊತ್ತು. ನಾಳೆ ನಿಮ್ಮ ರೊಟ್ಟಿಯ ಪಕ್ಕದಲ್ಲೇ ಹತ್ತು ರೂಪಾಯಿ ಕಮ್ಮಿಯ ಇನ್ನೊಂದು ರೊಟ್ಟಿ ತೋರಿಸಿದರೆ ನೀವು ಏನು ಮಾಡುತ್ತೀರಿ? ಅವರಿಗೆ ಒಂದು ಫೋನ್ ಮಾಡೋಣ ಅಂದರೆ ನಂಬರೇ ಇಲ್ಲ.

ನಮ್ಮ ಪತ್ರಿಕೆಗೇ ಆದದ್ದು ಹೇಳುತ್ತೇನೆ. ಒಂದು ದೊಡ್ಡ ಜಾಲತಾಣದಲ್ಲಿ ನಮ್ಮದೂ ಒಂದು ಪುಟ ಇತ್ತು. ಮೊದಮೊದಲು ಹಾಕಿದ್ದೆಲ್ಲ ಓದುಗರಿಗೆ ತಲುಪುತ್ತಿತ್ತು. ಆಮೇಲೆ ತಲುಪಬೇಕಾದರೆ ದುಡ್ಡು ಕಟ್ಟಿ ಅಂತ ಶುರುವಾಯಿತು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಪುಟವೇ ಬಂದ್. ಕಾರಣ ಹೇಳುವವರಿಲ್ಲ, ತಟ್ಟೋಣ ಅಂದರೆ ಬಾಗಿಲಿಲ್ಲ. ಫಾರಂ ತುಂಬಿದಷ್ಟೂ ಯಂತ್ರದಿಂದ ಅದೇ ಉತ್ತರ. ಹತ್ತೊಂಬತ್ತು ದಿನ ಹೀಗೇ ಹೋಯಿತು. ಅಷ್ಟು ದಿನವೂ ನಮ್ಮ ಕೈ ಹಿಡಿದದ್ದು ಚಂದಾದಾರರ ರಿಜಿಸ್ಟರ್. ಕೆಂಪು ಬಟ್ಟೆಯ ಬೈಂಡು, ಮೂಲೆಗಳು ಸವೆದಿವೆ. ಅದರಲ್ಲಿ ಒಬ್ಬ ಮೇಷ್ಟರ ವಿಳಾಸ ಎರಡು ಸಲ ಹೊಡೆದು ಬರೆದಿದೆ: ಸಾಗರ, ಆಮೇಲೆ ಶಿವಮೊಗ್ಗ, ಈಗ ಬೆಂಗಳೂರಿನ ಮಗಳ ಮನೆ. ಅವರು ಮನೆ ಬದಲಿಸಿದಾಗಲೆಲ್ಲ ನಮಗೆ ತಿಳಿಸಿದ್ದಾರೆ. ಆ ಪುಸ್ತಕ ನೋಡಿಕೊಂಡು 50 ಪೈಸೆಯ ಕಾರ್ಡುಗಳನ್ನು ಬರೆದು ಹಾಕಿದೆವು. ಆ ತಿಂಗಳ ಸಂಚಿಕೆ ಎಲ್ಲರಿಗೂ ತಲುಪಿತು.

ನಾವು ಸಣ್ಣವರು, ಬಿಡಿ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರ್‌ನಿಂದ ನೌಕರಿ, ಶಾದಿ, ಭಾರತ್ ಮ್ಯಾಟ್ರಿಮೋನಿಯಂಥ ಆ್ಯಪ್‌ಗಳನ್ನೇ ತೆಗೆದುಹಾಕಿತ್ತು. ಜಗಳ ಆ್ಯಪ್‌ಗಳಿಂದ ಗೂಗಲ್ ಕೇಳುವ ಶುಲ್ಕದ್ದು. ಕೇಂದ್ರದ ಮಂತ್ರಿಗಳೇ ನಡುವೆ ಬಂದ ಮೇಲೆ ವಾಪಸು ಬಂದವು. ನಮ್ಮ ನಿಮ್ಮ ಪರವಾಗಿ ಯಾವ ಮಂತ್ರಿ ಬರುತ್ತಾರೆ? ಹೋಟೆಲಿನವರ ಸಂಘವೂ ಸ್ಪರ್ಧಾ ಆಯೋಗದ ಮುಂದೆ ಹೋಗಿದೆ. ವ್ಯಾಪಾರದಲ್ಲಿ ದೊಡ್ಡವರು ಅನ್ಯಾಯ ಮಾಡದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅದು. ನಮ್ಮ ಅಡುಗೆ ತಿನ್ನುವವರು ಯಾರು ಅನ್ನುವುದನ್ನೇ ಜೊಮ್ಯಾಟೊ, ಸ್ವಿಗ್ಗಿ ನಮ್ಮಿಂದ ಮುಚ್ಚಿಡುತ್ತವೆ ಅನ್ನುವುದು ಅವರ ದೊಡ್ಡ ದೂರುಗಳಲ್ಲಿ ಒಂದು. 2022ರಲ್ಲಿ ಆಯೋಗ ತನಿಖೆಗೆ ಆದೇಶ ಕೊಟ್ಟಿತು. ನಿಮ್ಮ ಎಂಟು ಲೇಬಲ್ಲಿನ ಕಥೆಯೂ ಅದೇ ಅಕ್ಕಾ. ನೀವು ಅದನ್ನು ಸರಳ ಅಂದಿರಿ, ಅವರು ಅನ್ಯಾಯ ಅಂದರು.

ದಂಡ ಹಾಕುತ್ತಾರಲ್ಲ ಅನ್ನಬಹುದು. ಹೌದು. ಅದೇ ವರ್ಷ ಫೋನುಗಳನ್ನು ನಡೆಸುವ ಆಂಡ್ರಾಯ್ಡ್ ತಂತ್ರಾಂಶದ ವಿಷಯದಲ್ಲಿ ಗೂಗಲ್‌ಗೆ 1,337 ಕೋಟಿ ರೂಪಾಯಿ ಮೀರಿದ ದಂಡ ಬಿತ್ತು. ವಾಟ್ಸಾಪ್‌ನ 2021ರ ಖಾಸಗಿತನದ ನೀತಿಗಾಗಿ ಅದರ ಒಡೆಯ ಕಂಪನಿ ಮೆಟಾಗೆ 2024ರಲ್ಲಿ 213 ಕೋಟಿ. ಈ ದುಡ್ಡು ಅವರಿಗೆ ಲೆಕ್ಕಕ್ಕೇ ಇಲ್ಲ. ನಿಮ್ಮ ಗಿರಾಕಿಯ ನಂಬರು ಇದರಿಂದ ನಿಮಗೆ ಸಿಗುವುದೂ ಇಲ್ಲ.

ಬೇರೆ ದಾರಿ ಇಲ್ಲವೇ? ಇದೆ. ಬೆಂಗಳೂರಿನ ಆಟೋದವರನ್ನು ನೋಡಿ. 2022ರಲ್ಲಿ ಕನಿಷ್ಠ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು 100 ಕೇಳುತ್ತಿವೆ ಎಂದು ಗಲಾಟೆಯಾಯಿತು. ಆ ನವೆಂಬರ್‌ನಲ್ಲೇ ಚಾಲಕರ ಸಂಘ ಕೈಜೋಡಿಸಿ ‘ನಮ್ಮ ಯಾತ್ರಿ’ ಅನ್ನುವ ಆ್ಯಪ್ ಬಂತು. ಕಮಿಷನ್ ಇಲ್ಲ. ಆಮೇಲೆ ದಿನಕ್ಕೆ 25 ರೂಪಾಯಿ ಅಂತ ಮಾಡಿದರು, ಎಷ್ಟು ಬಾಡಿಗೆ ಬೇಕಾದರೂ ಓಡಿಸಬಹುದು. ದುಡ್ಡು ಹತ್ತಿದವರ ಕೈಯಿಂದ ನೇರ ಚಾಲಕರ ಕೈಗೆ. ಅದೂ ಫೋನೇ, ಅದೂ ಆ್ಯಪೇ. ನನ್ನ ಸಿಟ್ಟು ಫೋನಿನ ಮೇಲಲ್ಲ ಅಂತ ಇದಕ್ಕೇ ಹೇಳುವುದು.

ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. ನಮ್ಮನ್ನು ಅರಿಯದವರ ಕೈಗೆ ನಮ್ಮ ಮಾತನ್ನೂ ಕೊಟ್ಟಿದ್ದೇವೆ. 2021ರಲ್ಲಿ ಗೂಗಲ್ ಹುಡುಕಾಟದಲ್ಲಿ ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂದರೆ ಕನ್ನಡ ಅಂತ ಬಂತು. 2025ರ ಜುಲೈನಲ್ಲಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಚೇರಿ ಹಾಕಿದ ಸಂತಾಪವನ್ನು ಮೆಟಾದ ಯಂತ್ರ ಮುಖ್ಯಮಂತ್ರಿಗಳೇ ತೀರಿಕೊಂಡರು ಅನ್ನುವಂತೆ ಅನುವಾದ ಮಾಡಿತು! ಎರಡು ಸಲವೂ ಕ್ಷಮೆ ಕೇಳಿದರು. ಕನ್ನಡ ಬಲ್ಲವರೊಬ್ಬರು ಕಣ್ಣಾಡಿಸಿದ್ದರೆ ಹೀಗೆ ಆಗುತ್ತಿತ್ತೇ?

ವ್ಯಾಪಾರ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಒಂದು ನೋಟ್‌ಬುಕ್ ತನ್ನಿ. ವಾಟ್ಸಾಪ್‌ನಲ್ಲಿ ತರಿಸುವವರ ಹೆಸರು, ಊರು, ನಂಬರು ಇವತ್ತೇ ಅದರಲ್ಲಿ ಬರೆದಿಡಿ. ಯಾರಿಗೆ ತೆಳ್ಳಗೆ, ಯಾರಿಗೆ ಸಜ್ಜೆಯದು, ಅದನ್ನೂ ಬರೆಯಿರಿ. ಮೊದಲ ಸಾಲಿನಲ್ಲಿ ನಮ್ಮ ಕಚೇರಿ ಇರಲಿ: ಎರಡು ಕಟ್ಟು ಜೋಳದ ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿ, ಬೆಳ್ಳುಳ್ಳಿ ಸ್ವಲ್ಪ ಮುಂದಾಗಿ. ವಿಳಾಸ ಕೊನೇ ಪುಟದಲ್ಲಿದೆ.

— ಸಂಪಾದಕ