ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಸಾಕೇ?

ಪ್ರಶ್ನೆ: ನನ್ನ ಕಂಪ್ಯೂಟರ್ ಜೋಡಿಸಿದ್ದು 2014ರಲ್ಲಿ. ಐ5-4590 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, ಹಾರ್ಡ್ ಡಿಸ್ಕ್, ಮರುವರ್ಷ ಹಾಕಿಸಿದ 2 ಜಿಬಿಯ ಜಿಟಿಎಕ್ಸ್ 960 ಕಾರ್ಡ್. ಹೊಸ ಆಟಗಳು ತಡವರಿಸುತ್ತವೆ. ಕಾರ್ಡ್ ಒಂದನ್ನೇ ಬದಲಿಸಿದರೆ ಸಾಕೇ?

ಉತ್ತರ: ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಆಟದಲ್ಲಿ ವಿ-ಸಿಂಕ್ (ಚಿತ್ರಗಳ ವೇಗವನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿ, ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ, ಇಳಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ, ಆಟದ ಒಂದೇ ಜಾಗದಲ್ಲಿ ಸೆಕೆಂಡಿಗೆ ಮೂಡುವ ಫ್ರೇಮ್‌ಗಳ (ಚಿತ್ರಗಳ) ಸಂಖ್ಯೆ ಗುರುತಿಸಿಕೊಳ್ಳಿ. ಸಂಖ್ಯೆ ಚೆನ್ನಾಗಿ ಏರಿದರೆ ಸೋಲುತ್ತಿರುವುದು ಕಾರ್ಡ್. ಇದ್ದಲ್ಲೇ ನಿಂತರೆ ತಡೆ ಇರುವುದು ಪ್ರೊಸೆಸರ್ ಅಥವಾ ರ‍್ಯಾಮ್‌ನಲ್ಲಿ. ರೆಸಲ್ಯೂಷನ್ ತಗ್ಗಿದಾಗ ಹಗುರಾಗುವುದು ಕಾರ್ಡಿನ ಹೊರೆ. ಪ್ರೊಸೆಸರ್ ಮಾಡಬೇಕಾದ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಈ ಪರೀಕ್ಷೆ ಮಾಡದೆಯೇ ಆರ್‌ಟಿಎಕ್ಸ್ 3060 ಕೊಂಡವನು ನಾನು. ನನ್ನದೂ ಇದೇ ತಲೆಮಾರಿನ ಐ5. ಬಯಲಿನಲ್ಲಿ ಆಟ ಸರಾಗವಾಗಿ ಹರಿಯಿತು. ಜನ ತುಂಬಿದ ಪೇಟೆಗೆ ಕಾಲಿಟ್ಟೊಡನೆ ಮತ್ತೆ ಅದೇ ಮುಗ್ಗರಿಕೆ. ನಾಲ್ಕೂ ಕೋರ್‌ಗಳು ಪೂರ್ತಿ ದುಡಿಯುತ್ತಿದ್ದವು, ಹೊಸ ಕಾರ್ಡ್ ಅರ್ಧ ಕೆಲಸವಿಲ್ಲದೆ ಕುಳಿತಿತ್ತು. ಆ ಸಂಜೆಯ ನಿರಾಸೆ ನಿಮಗೆ ಬೇಡ.

ಇನ್ನೊಂದು ಮಾತು. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಮುಂದಿನ ಯಂತ್ರಕ್ಕೂ ಒಯ್ಯಬಹುದಾದ ಭಾಗಗಳನ್ನು ಮಾತ್ರ ಹೊಸದಾಗಿ ಕೊಳ್ಳಿ: ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ ಸಾಧನ), ಪವರ್ ಸಪ್ಲೈ, ಕಾರ್ಡ್. ನಿಮ್ಮ ಬೋರ್ಡಿಗೆ ಹೊಂದುವ ಹಳೆಯ ಮಾದರಿಯ ಡಿಡಿಆರ್3 ರ‍್ಯಾಮ್ ಮತ್ತು ಅದೇ ಸಾಕೆಟ್ಟಿಗೆ ಕೂರುವ, ಎಂಟು ಥ್ರೆಡ್‌ಗಳ (ಏಕಕಾಲಕ್ಕೆ ಎಂಟು ಕೆಲಸ ನಡೆಸಬಲ್ಲ) ಐ7-4790 ಪ್ರೊಸೆಸರ್ ಬೇಕೆಂದರೆ ಬಳಸಿದ್ದನ್ನೇ ಹುಡುಕಿ.

ರ‍್ಯಾಮ್ ಮಾತ್ರ ತಡಮಾಡಬೇಡಿ. ಒಂದೇ ಪಟ್ಟಿ ಇರುವಾಗ ಪ್ರೊಸೆಸರಿಗೆ ದತ್ತಾಂಶ ಒಯ್ಯುವ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. ಅದೇ ವೇಗದ ಇನ್ನೊಂದು 8 ಜಿಬಿ ಸೇರಿಸಿದಾಗ ನನ್ನ ಪೇಟೆಯ ಮುಗ್ಗರಿಕೆ ಎದ್ದು ಕಾಣುವಷ್ಟು ತಗ್ಗಿತು. ಎಸ್‌ಎಸ್‌ಡಿ ಆಟ ತೆರೆಯುವ ಕಾಯುವಿಕೆಯನ್ನು ಕಡಿಮೆ ಮಾಡುತ್ತದೆ, ಫ್ರೇಮ್‌ಗಳನ್ನು ಹೆಚ್ಚಿಸುವುದಿಲ್ಲ. ಹಾರ್ಡ್ ಡಿಸ್ಕಿನಂತೆಯೇ ಕೇಬಲ್‌ನಿಂದ ಜೋಡಿಸುವ ಸಾಟಾ ಮಾದರಿಯದನ್ನೇ ತನ್ನಿ. ಆ ಕಾಲದ ಬಹುತೇಕ ಮದರ್‌ಬೋರ್ಡ್‌ಗಳು ಎನ್‌ವಿಎಂಇ ಎಂಬ ಹೊಸ ಮಾದರಿಯ ಎಸ್‌ಎಸ್‌ಡಿಯಿಂದ ಬೂಟ್ ಆಗುವುದಿಲ್ಲ.

ಪರೀಕ್ಷೆ ಕಾರ್ಡಿನ ಕಡೆಗೇ ಬೊಟ್ಟು ಮಾಡಿದರೆ, 8 ಜಿಬಿಯ ಆರ್‌ಎಕ್ಸ್ 6600 ನಿಮ್ಮ ಯಂತ್ರಕ್ಕೆ ಒಪ್ಪುತ್ತದೆ. ಅದು ಬಳಸುವುದು 132 ವಾಟ್. ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡವೇ ಬೇಡ. ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವೆ ದತ್ತಾಂಶ ಸಾಗುವ ದಾರಿ), ನಿಮ್ಮ ಬೋರ್ಡ್ ಹೆಚ್ಚೆಂದರೆ ಪಿಸಿಐಇ 3.0 ತಲೆಮಾರಿನದು, ಹಾಗಾಗಿ ಆ ದಾರಿ ಇನ್ನೂ ನಿಧಾನ, ಕಾರ್ಡಿನ 4 ಜಿಬಿ ಮೆಮೊರಿ ತುಂಬಿದೊಡನೆ ಆಟ ಕುಸಿಯುತ್ತದೆ. ಹತ್ತು ವರ್ಷ ದುಡಿದ ಪವರ್ ಸಪ್ಲೈಗೆ ಹೊಸ ಕಾರ್ಡನ್ನು ಖಂಡಿತ ನಂಬಿ ಕೊಡಬೇಡಿ.

ಪೆಟ್ಟಿಗೆ ತೆರೆದಾಗ ಫ್ಯಾನ್‌ಗಳ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನೂ ಬದಲಿಸಿ. 720ರ ಪರೀಕ್ಷೆಯನ್ನು ಅದಾದ ಮೇಲೆ ಇನ್ನೊಮ್ಮೆ ಮಾಡಿ, ಎರಡೂ ಸಂಖ್ಯೆಗಳನ್ನು ನನಗೆ ಬರೆಯಿರಿ.