ಎಂಟನೇ ಅಕ್ಷರ ಓದಿ, ಆಮೇಲೆ ಚಕ್ರವರ್ತಿಯ ಹೆಸರು ಹೇಳಿ

ಪ್ರಶ್ನೆ: ಲಂಡನ್ನಿನ ಸಂತೆಯಲ್ಲಿ ರೋಮನ್ ಕಂಚಿನ ನಾಣ್ಯವೊಂದನ್ನು ಕೊಂಡೆ. 15 ಮಿ.ಮೀ. ಅಗಲ, ಒಂದೂವರೆ ಗ್ರಾಂ ತೂಕ. ಒಂದು ಕಡೆ ತಲೆ, ಹಿಂದೆ ಇಬ್ಬರು ಸೈನಿಕರು, ನಡುವೆ ಒಂದು ಕಂಬ. ಕಾನ್‌ಸ್ಟಂಟೈನ್ ಚಕ್ರವರ್ತಿಯದು ಅಂದರು. ನಿಜವಾ? ಹುಣಸೆಹಣ್ಣು ಹಾಕಿ ತೊಳೆಯಲಾ? ಫೋಟೋ ಕಳಿಸಿದ್ದೇನೆ.

ಉತ್ತರ: ಹುಣಸೆಹಣ್ಣು ಸಾರಿಗಿರಲಿ. ಆ ಹಸಿರು ಪದರವೇ ಅಕ್ಷರಗಳನ್ನು ಇಷ್ಟು ಶತಮಾನ ಕಾಪಾಡಿದೆ. ಹುಳಿ ಬಿದ್ದರೆ ಪದರದ ಜೊತೆ ಅಕ್ಷರವೂ ಹೋಗುತ್ತದೆ. ಆಮೇಲೆ ಹೊಳೆಯುವ ಬೋಳು ಬಿಲ್ಲೆಯ ಫೋಟೋ ಕಳಿಸಿ ‘ಇದು ಯಾರು’ ಅಂತ ಕೇಳುವವರಿಗೆ ಲೆಕ್ಕವೇ ಇಲ್ಲ.

ಇನ್ನು ಹೆಸರು. ‘ಕಾನ್‌ಸ್ಟಾನ್’ (CONSTAN) ಅಂತ ಕಂಡರೆ ಸಾಕು, ಮಾರುವವರು ಕಾನ್‌ಸ್ಟಂಟೈನ್ ಅಂದುಬಿಡುತ್ತಾರೆ. ಆದರೆ ಅಪ್ಪ ಕಾನ್‌ಸ್ಟಂಟೈನ್, ಅದೇ ಹೆಸರಿನ ಮಗ, ಮತ್ತಿಬ್ಬರು ಮಕ್ಕಳಾದ ಕಾನ್‌ಸ್ಟಾಂಷಿಯಸ್ ಮತ್ತು ಕಾನ್‌ಸ್ಟನ್ಸ್, ನಾಲ್ವರ ಹೆಸರೂ ಹಾಗೇ ಶುರುವಾಗುತ್ತದೆ. ಮುಖ ನೋಡಿ ಗುರುತಿಸಲು ಹೋಗಬೇಡಿ, ಎಲ್ಲವೂ ಒಂದೇ ಅಚ್ಚಿನ ಮುಖ.

ಹಿಂಬದಿಯಿಂದ ಶುರು ಮಾಡಿ. ಸೈನಿಕರ ನಡುವಿನ ಕಂಬ ಸೇನೆಯ ಧ್ವಜ. ಕ್ರಿ.ಶ. 330ರಿಂದ ಇಂಥ ನಾಣ್ಯದಲ್ಲಿ ಎರಡು ಧ್ವಜಗಳಿದ್ದವು. 335ರ ಸುಮಾರಿಗೆ ನಾಣ್ಯದ ತೂಕ ಇಳಿಸಿದರು, ಧ್ವಜ ಒಂದಾಯಿತು. ನಿಮ್ಮದು ಒಂದೇ ಧ್ವಜದ್ದು, ತೂಕವೂ ಹೊಂದುತ್ತದೆ. ತಲೆಯ ಮೇಲಿರುವುದು ಎಲೆಯ ಮಾಲೆ. ಚಕ್ರವರ್ತಿಗಾದರೆ ಆ ಹೊತ್ತಿಗೆ ಸಾಮಾನ್ಯವಾಗಿ ಮುತ್ತಿನ ಪಟ್ಟಿ ಇರುತ್ತಿತ್ತು. ಬಲಗಡೆ ‘ನೋಬ್ ಸಿ’ ಅಂತ ಚೆನ್ನಾಗಿಯೇ ಓದಬಹುದು. ಅದು ಯುವರಾಜನ ಬಿರುದು. ಅಲ್ಲಿಗೆ ಅಪ್ಪ ಔಟ್. ಮಕ್ಕಳು ಚಕ್ರವರ್ತಿಗಳಾದದ್ದು 337ರ ಸೆಪ್ಟೆಂಬರಿನಲ್ಲಿ, ನಾಣ್ಯ ಅದಕ್ಕೂ ಮೊದಲಿನದು.

ಮೂವರಲ್ಲಿ ಯಾರು? ಎಡಭುಜದ ಹತ್ತಿರ, ಬರಹ ಶುರುವಾಗುವಲ್ಲಿ ‘ಎಫ್‌ಎಲ್ ಐವಿಎಲ್’ ಇದೆ. ಅದು ಫ್ಲೇವಿಯಸ್ ಜೂಲಿಯಸ್ ಅನ್ನುವುದರ ಮೊಟಕು. ಅಪ್ಪನ ಹೆಸರಿನ ಮಗನಾಗಿದ್ದರೆ ನೇರ ಹೆಸರಿನಿಂದಲೇ ಶುರುವಾಗಬೇಕಿತ್ತು. ಉಳಿದವರು ಇಬ್ಬರು. ಹೆಸರಿನ ಎಂಟನೇ ಅಕ್ಷರಕ್ಕೆ, ಅಂದರೆ CONSTAN ಆದಮೇಲಿನ ಅಕ್ಷರಕ್ಕೆ, ಭೂತಗನ್ನಡಿ ಹಿಡಿಯಿರಿ. ‘ಎಸ್’ ಆದರೆ ಕಾನ್‌ಸ್ಟನ್ಸ್, ‘ಟಿ’ ಆದರೆ ಕಾನ್‌ಸ್ಟಾಂಷಿಯಸ್. ಸವೆದಿದ್ದರೂ ನಿಮ್ಮ ನಾಣ್ಯದಲ್ಲಿ ‘ಟಿ’ಯ ಅಡ್ಡಗೆರೆ ಉಳಿದಿದೆ. ಸೈನಿಕರ ಕಾಲಡಿ ‘ಎಸ್‌ಎಂಎಎನ್’ ಇದೆ. ಅಂದರೆ ಆಂಟಿಯೋಕ್ ಟಂಕಸಾಲೆ, ಈಗಿನ ಟರ್ಕಿಯ ಅಂತಾಕ್ಯ. ಕೊನೆಯದು ‘ಎಲ್’ ಆಗಿದ್ದರೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ.

ಲಕ್ಷಗಟ್ಟಲೆ ಬಾಳುತ್ತದಾ ಅಂತ ಕೇಳಬೇಡಿ. ಇಂಥವನ್ನು ರಾಶಿ ರಾಶಿ ಹೊಡೆದಿದ್ದರು. ಅಂಚಿನ ಸುತ್ತ ಅಚ್ಚಿನ ಗೆರೆ, ಮೈಮೇಲೆ ಗುಳ್ಳೆಯ ಗುಂಡಿ ಕಂಡರೆ ಮಾತ್ರ ನನಗೆ ತಿಳಿಸಿ, ಆಗ ಅದು ಎರಕದ ನಕಲಿಯೇ ಅನ್ನಬೇಕಾಗುತ್ತದೆ. ಮುಟ್ಟಿದರೆ ಉದುರುವ ತಿಳಿ ಹಸಿರು ಪುಡಿ ಇದ್ದರೆ ಅದು ಕಾಪಾಡುವ ಪದರವಲ್ಲ, ಲೋಹ ತಿನ್ನುವ ತುಕ್ಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ (ಆಸಿಡ್‌ನಲ್ಲಲ್ಲ) ನೆನೆಸಿ. ನೀರು ಬದಲಾಯಿಸುತ್ತಿರಿ, ಚೆನ್ನಾಗಿ ಒಣಗಿಸಿ.

ಪ್ರಶ್ನೆ: ನನ್ನ ರೋಮನ್ ನಾಣ್ಯದ ಮೇಲೆ ‘ಕ್ರಿ.ಪೂ. 44’ ಅಂತಿದೆ. ಅಸಲಿಯಾ?
ಉತ್ತರ: ಕ್ರಿಸ್ತ ಹುಟ್ಟುವ ಮೊದಲೇ ‘ಕ್ರಿ.ಪೂ.’ ಅಂತ ಯಾರು ಬರೆದಾರು?

ಪ್ರಶ್ನೆ: ಹೊಲದಲ್ಲಿ ಗಡಿಗೆ ತುಂಬ ಹಳೇ ನಾಣ್ಯ ಸಿಕ್ಕಿವೆ. ಮಾರಬಹುದಾ?
ಉತ್ತರ: ಬೇಡ. ಜಿಲ್ಲಾಧಿಕಾರಿಗೆ ತಿಳಿಸಿ, ಇವತ್ತೇ.

ಪ್ರಶ್ನೆ: ಅಕ್ಕಿ ಎಳೆಯುವ ರೋಮನ್ ನಾಣ್ಯಕ್ಕೆ ಕೋಟಿ ಕೊಡುತ್ತಾರಂತೆ?
ಉತ್ತರ: ಅವರು ಕೊಡಲ್ಲ. ಪರೀಕ್ಷೆಯ ಖರ್ಚು ಅಂತ ನಿಮ್ಮಿಂದಲೇ ಕೀಳುತ್ತಾರೆ. ಪೊಲೀಸರಿಗೆ ಹೇಳಿ.