ಮೇರಿಯ ಹೆಸರು ಬಿಡಿ, ಜಮೀನಿನ ಕಾಗದ ಹುಡುಕಿ

ಪ್ರಶ್ನೆ: ನನ್ನ ಸೊಸೆ ಅಮೆರಿಕದವಳು. ಅವಳ ಪೂರ್ವಜೆ ಮೇರಿ 1750ರ ಸುಮಾರಿಗೆ ವರ್ಜೀನಿಯಾದಲ್ಲಿದ್ದಳು. ಗಂಡನ ಹೆಸರು ಗೊತ್ತು, ತವರು ಗೊತ್ತಿಲ್ಲ. ಆನ್‌ಲೈನ್ ವಂಶವೃಕ್ಷಗಳಲ್ಲಿ ಮೂವರು ಬೇರೆ ಬೇರೆ ಅಪ್ಪಂದಿರನ್ನು ತೋರಿಸಿದ್ದಾರೆ. ಯಾವುದು ಸರಿ?

ಉತ್ತರ: ಮೂರೂ ತಪ್ಪಿರಬಹುದು. ಒಬ್ಬರು ಊಹಿಸಿದ್ದನ್ನು ನೂರು ಜನ ನಕಲು ಮಾಡಿದರೆ ಅದು ಸಾಕ್ಷಿ ಆಗುವುದಿಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ವರ್ಜೀನಿಯಾ ಆಗ ಇಂಗ್ಲಿಷರ ವಸಾಹತು. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣು ಗಂಡನ ನೆರಳಲ್ಲೇ ಇರಬೇಕಿತ್ತು. ಅವಳದೇ ಹೆಸರಿನ ಕಾಗದಪತ್ರ ತೀರಾ ಕಡಿಮೆ. ‘ಮೇರಿ’ ಎಂದು ಹುಡುಕುತ್ತಾ ಕೂತರೆ ಸುಮ್ನೆ ಹೊತ್ತು ಹಾಳು. ಗಂಡಸರ ಕಾಗದಗಳಲ್ಲಿ ಅವಳನ್ನು ಹುಡುಕಿ.

ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಭಾಗವನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ವಿಧವೆಗಿತ್ತು. ಹಾಗಾಗಿ ಗಂಡ ಜಮೀನು ಮಾರುವಾಗ ಅವಳೂ ಹಕ್ಕು ಬಿಟ್ಟುಕೊಡಬೇಕಿತ್ತು. ನ್ಯಾಯಾಧೀಶರು ಅವಳನ್ನು ಗಂಡನಿಂದ ಬೇರೆ ಕರೆದು, ‘ಇದು ನಿನ್ನ ಮನಸ್ಸಿನ ಒಪ್ಪಿಗೆಯೋ, ಅವನ ಬಲವಂತವೋ’ ಎಂದು ಕೇಳುತ್ತಿದ್ದರು. ಆ ಒಂದೆರಡು ಸಾಲು ಕೌಂಟಿಯ (ಅಲ್ಲಿನ ಜಿಲ್ಲೆಯ) ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಇಡೀ ಬದುಕಿನಲ್ಲಿ ಅವಳ ಮಾತನ್ನು ಸರ್ಕಾರ ಕೇಳಿದ್ದು ಅದೊಂದೇ ಸಲ ಇರಬಹುದು. ಅದನ್ನು ಓದದೆ ಮುಂದೆ ಹೋಗಬೇಡಿ.

ಕ್ರಯಪತ್ರದಲ್ಲಿ ಗಂಡನೊಬ್ಬನೇ ಮಾರಾಟಗಾರನೋ, ಇಬ್ಬರೂ ಸೇರಿಯೋ ನೋಡಿ. ಇಬ್ಬರೂ ಇದ್ದರೆ ಆ ಜಮೀನು ಅವಳ ತವರಿನದಿರಬಹುದು. ಜೊತೆಗೆ ಇನ್ನೂ ಒಂದೆರಡು ದಂಪತಿಗಳು ಸಹಿ ಹಾಕಿದ್ದರೆ ಆ ಹೆಂಗಸರು ಅಕ್ಕತಂಗಿಯರೇ ಎಂದು ಪರೀಕ್ಷಿಸಿ: ಗಂಡುಮಕ್ಕಳಿಲ್ಲದೆ, ಉಯಿಲೂ ಬರೆಯದೆ ಸತ್ತವನ ಜಮೀನು ಹೆಣ್ಣುಮಕ್ಕಳಿಗೆಲ್ಲ ಸಮನಾಗಿ ಹೋಗುತ್ತಿತ್ತು. ಆಮೇಲೆ ಆ ಜಮೀನಿನ ಹಿಂದಿನ ಮಾಲೀಕ ಯಾರು, ಗಂಡ ಅದನ್ನು ಕೊಂಡ ಪತ್ರ ಇದೆಯಾ ನೋಡಿ. ಇಲ್ಲದಿದ್ದರೆ ಆ ಹಳೆಯ ಮಾಲೀಕನ ಉಯಿಲು, ದಾನಪತ್ರ ತೆಗೆಯಿರಿ. ಮಗಳನ್ನು ಅಳಿಯನ ಮನೆಹೆಸರಿನೊಂದಿಗೇ ಬರೆದಿರುತ್ತಾರೆ. ಅಕ್ಕಪಕ್ಕದ ಜಮೀನಿನವರನ್ನೂ ಸಾಕ್ಷಿದಾರರನ್ನೂ ಬಿಡಬೇಡಿ, ಹೆಣ್ಣು ಕೊಟ್ಟು ತಂದವರು ಅವರಲ್ಲೇ ಜಾಸ್ತಿ.

ಗಂಡ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿದ್ದು, ಅವಳು ಅವನಿಗಿಂತ ಹೆಚ್ಚು ಕಾಲ ಬದುಕಿದ್ದರೆ ವಿಧವಾ ಪಿಂಚಣಿ ಕಡತ ನೋಡಿ. 1836 ಮತ್ತು 1838ರ ಕಾನೂನುಗಳ ಮೇಲೆ ಅರ್ಜಿ ಹಾಕಿದವರು ಮದುವೆ ಸಾಬೀತು ಮಾಡಬೇಕಿತ್ತು. ಎಷ್ಟೋ ಜನ ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಕಳಿಸಿದರು. ಆ ಹಾಳೆಗಳು ಇಂದಿಗೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಿಮ್ಮ ಮೇರಿ ಅಷ್ಟು ಕಾಲ ಇರಲಿಲ್ಲವೆಂದರೆ ಅವಳ ಮಗಳ ಕಡತ ಇರಬಹುದು.

ಪ್ರಶ್ನೆ: 1790ರ ಜನಗಣತಿಯಲ್ಲಿ ಅಜ್ಜಿಯ ಹೆಸರೇ ಇಲ್ಲ!

ಉತ್ತರ: ಇರುವುದಿಲ್ಲ, ಅದರಲ್ಲಿ ಮನೆಯ ಯಜಮಾನರ ಹೆಸರು ಮಾತ್ರ.

ಪ್ರಶ್ನೆ: ಹುಟ್ಟಿದ್ದು 1731ರ ಫೆಬ್ರವರಿ ಅಂತ ಒಂದು ಕಡೆ, 1732 ಅಂತ ಇನ್ನೊಂದು ಕಡೆ ಇದೆ.

ಉತ್ತರ: ಎರಡೂ ಸರಿ ಇರಬಹುದು. 1752ಕ್ಕೆ ಮುಂಚೆ ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಆಗಿನ ಲೆಕ್ಕದಲ್ಲಿ ಫೆಬ್ರವರಿ ಹಳೆಯ ವರ್ಷಕ್ಕೇ ಸೇರುತ್ತಿತ್ತು, ಈಗಿನ ಲೆಕ್ಕದಲ್ಲಿ ಹೊಸ ವರ್ಷಕ್ಕೆ.

ಪ್ರಶ್ನೆ: ಹಣ ಕಟ್ಟಿದರೆ ಮನೆತನದ ಲಾಂಛನವನ್ನೂ ರಾಜವಂಶದ ನಂಟನ್ನೂ ತೋರಿಸುತ್ತಾರಂತೆ?

ಉತ್ತರ: ಕಟ್ಟಬೇಡಿ. ಲಾಂಛನ ಸಿಗುತ್ತಿದ್ದದ್ದು ವ್ಯಕ್ತಿಗೆ, ಅದು ಅವನ ಸಂತತಿಗೆ ಬರುತ್ತದೆ, ಅದೇ ಮನೆಹೆಸರಿನ ಎಲ್ಲರಿಗೂ ಅಲ್ಲ. ಗುಸ್ತಾವ್ ಆಂಜು ಎಂಬಾತ ಅಮೆರಿಕದ ಶ್ರೀಮಂತರಿಗೆ ಸುಳ್ಳು ವಂಶಾವಳಿ ಹೆಣೆದು ಮಾರಿದ. ಅವನು ಸತ್ತದ್ದು 1942ರಲ್ಲಿ. ಅವನು ಕಟ್ಟಿದ ಸುಳ್ಳುಗಳನ್ನು ಈಗಲೂ ಜನ ತಮ್ಮ ವಂಶವೃಕ್ಷಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ.